ಊರ ಲೈಬ್ರರಿಲಿ ದನ ಕಾದೋರ ಮಾತುಕತೆ: ಮಾಡೋದ್ ಹೆಂಗೆ, ಬರೆದಿಡೋದ್ ಹೆಂಗೆ

ನಮ್ಮ ಮೊದಲನೇ ಕಾರ್ಯಕ್ರಮ ಪೂರ್ತಿ ಎಕ್ಕುಟ್ಟೋಯ್ತು, ಅದನ್ನೇ ಮೊದ್ಲು ಹೇಳ್ಬಿಡ್ತೀನಿ, ಯಾಕಂದ್ರೆ ಮಿಕ್ಕಿದ್ದೆಲ್ಲ ಅದರಿಂದ ಕಲ್ತಿದ್ದೇ. ಪಂಚಾಯ್ತಿ ಲೈಬ್ರರಿ ಮುಂದೆ ಶಾಮಿಯಾನ ಹಾಕ್ಸಿದ್ವಿ, "ಗೋಪಾಲನಾ ಪರಂಪರೆ: ಒಂದು ಚಿಂತನೆ" ಅಂತ ಬ್ಯಾನರ್ ಬೇರೆ. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ, ಮುಖ್ಯ ಅತಿಥಿ, ಇನ್ನೊಬ್ರು ಮುಖ್ಯ ಅತಿಥಿ, ಹಿಂಗೇ ಆಗಿ ಆಗಿ, ನಲವತ್ತು ವರ್ಷ ಕಾವಲಲ್ಲಿ, ಅಂದ್ರೆ ದನ ಮೇಯೋಕೆ ಬಿಟ್ಟ ಹುಲ್ಲುಗಾವಲಲ್ಲಿ, ದನ ಕಾದಿದ್ದ ಅಜ್ಜನ ಕೈಗೆ ಮೈಕ್ ಸಿಗೋ ಹೊತ್ತಿಗೆ ಮಧ್ಯಾಹ್ನ ಒಂದೂಕಾಲು. ಅಜ್ಜ ಮೈಕ್ ನೋಡಿದ್ರು, ಜನ ನೋಡಿದ್ರು, "ನಾವೇನ್ ಓದಿಲ್ಲ ಬರ್ದಿಲ್ಲ ಕಣ್ರಪ್ಪ, ದನ ಕಾದ್ವಿ, ಅಷ್ಟೇಯ" ಅಂದು ಕೂತ್ಬಿಟ್ರು. ಶಾಲು ಹಾಕಿದ್ವಿ, ಮುಗೀತು.

ಆಮೇಲೆ ಶಾಮಿಯಾನ ಬಿಚ್ಚೋವಾಗ ಒಂದು ಕಂಬದ ಹಗ್ಗ ಬಿಚ್ಚಕ್ಕೆ ಬರ್ದೆ ಹುಡುಗರು ಒದ್ದಾಡ್ತಿದ್ರೆ ಅಜ್ಜ ಎದ್ದು ಬಂದ್ರು. "ಯಾವನ್ಲಾ ಇದು ಕಟ್ಟಿದ್ದು, ಜೀರ್‌ಗುಣಿಕೆ ಹಾಕೀಯ, ದನಕ್ಕೆ ಹಿಂಗ್ ಕಟ್ಟಿದ್ರೆ ಜಗ್ಗಿದಂಗೆಲ್ಲ ಕುತ್ಗೆ ಬಿಗ್ಕಂಡು ಸಾಯ್ತದೆ" ಅಂತ ಬೈಕೊಂಡು, ಅದೇ ಹಗ್ಗದಲ್ಲಿ ಕುತ್ತಿಗೆಗೆ ಹಾಕೋ ಗಂಟು ಬೇರೆ, ಗೂಟಕ್ಕೆ ಹಾಕೋ ಗಂಟು ಬೇರೆ, ಕರುವಿನ ಕಣ್ಣಿ ಬೇರೆ ಅಂತ ಒಂದೊಂದೇ ಮಾಡಿ ತೋರಿಸ್ತಾ, ಮಧ್ಯ ಮಧ್ಯ ಯಾವ ವರ್ಷದ ಬರದಲ್ಲಿ ಯಾವ ಕೆರೆ ಅಂಗಳದಲ್ಲಿ ಹಿಂಡು ನಿಲ್ಸಿದ್ರು, ರಾತ್ರಿ ಚಿರತೆ ಬಂದಾಗ ದನ ಹೆಂಗೆ ಕರುಗಳನ್ನ ನಡುವೆ ಹಾಕೊಂಡು ಸುತ್ತ ನಿಂತ್ವು, ಎಲ್ಲ ಬಂತು. ಒಂದು ಗಂಟೆ. ಏಳೆಂಟು ಹುಡುಗರು ಸುತ್ತ ಕೂತಿದ್ರು, ರೆಕಾರ್ಡ್ ಒಬ್ರೂ ಮಾಡಿಲ್ಲ. ನನ್ನ ಫೋನೂ ಚಾರ್ಜಿಗೆ ಹಾಕಿತ್ತು.

ಅವತ್ತಿಂದ ನಮ್ಮದೊಂದೇ ರೂಲ್: ಮಾತಾಡೋರ ಕೈಗೆ ಮೈಕ್ ಕೊಡೋ ಮುಂಚೆ ಹಗ್ಗ ಕೊಡಿ. ಕೈಗೆ ಕೆಲಸ ಸಿಕ್ರೆ ಬಾಯಿ ತಾನಾಗೇ ಬರತ್ತೆ.

ಈಗ ಒಂದೊಂದಾಗಿ ಹೇಳ್ತೀನಿ. ನಮ್ಮದು ಚಿತ್ರದುರ್ಗ–ತುಮಕೂರು–ಕಡೂರು ಈ ಬಯಲುಸೀಮೆ ಪಟ್ಟಿ, ಹಾಗಾಗಿ ಅಮೃತಮಹಲ್, ಹಳ್ಳಿಕಾರ್ ತಳಿ ದನ, ಕಾವಲು, ಗೊಲ್ಲರಹಟ್ಟಿ ಇವೇ ಜಾಸ್ತಿ ಬರತ್ತೆ. ನಿಮ್ಮೂರು ಮಲೆನಾಡಾದ್ರೆ ಮಲೆನಾಡು ಗಿಡ್ಡ ಇಟ್ಕೊಳಿ, ಬೀದರ್ ಕಡೆ ಆದ್ರೆ ದೇವಣಿ, ವಿಜಯಪುರದ ಕಡೆ ಖಿಲಾರಿ, ಕರಾವಳಿಲಿ ಕೋಣ, ಮಳವಳ್ಳಿ ಕಡೆ ಆದ್ರೆ ಬಂಡೂರು ಕುರಿ. ದನವೇ ಆಗ್ಬೇಕು ಅಂತೇನಿಲ್ಲ.

ಮೊದಲು ವಿಷಯ ಸಣ್ಣದು ಮಾಡ್ಕೊಳಿ

"ನಮ್ಮ ಪರಂಪರೆ" ಅಂತ ಹೆಸರಿಟ್ರೆ ಯಾರಿಗೂ ಎಲ್ಲಿಂದ ಶುರು ಮಾಡ್ಬೇಕು ಗೊತ್ತಾಗಲ್ಲ, ಭಾಷಣ ಮಾಡಿ ರೂಢಿ ಇರೋರು ಮಾತ್ರ ಖುಷಿಯಾಗಿ ಎರಡು ಗಂಟೆ ತಗೋತಾರೆ. ಒಂದು ಸಲಕ್ಕೆ ಒಂದೇ ವಸ್ತು ಅಥವಾ ಒಂದೇ ಕೆಲಸ. ನಮ್ಮಲ್ಲಿ ಇದುವರೆಗೂ ಆಗಿರೋದು: ಹಗ್ಗ, ಗಂಟೆ, ಹಲ್ಲು, ಬೆಣ್ಣೆ, ವೀರಗಲ್ಲು. ಹಲ್ಲು ಅಂದ್ರೆ ದನದ ವಯಸ್ಸು ನೋಡೋದು, ಹಾಲುಹಲ್ಲು, ಎರಡಲ್ಲು, ನಾಕಲ್ಲು, ಆರಲ್ಲು, ಆಮೇಲೆ ಬಾಯ್ಗೂಡಿದ್ದು. ಇದನ್ನ ಹೇಳ್ಕೊಡಕ್ಕೆ ಬಂದ ದಲ್ಲಾಳಿ ಒಬ್ರು ಕೊನೆಗೆ ಜಾತ್ರೇಲಿ ಟವೆಲ್ ಒಳಗೆ ಕೈ ಹಾಕಿ ಬೆರಳು ಹಿಡಿದು ರೇಟ್ ಮಾತಾಡೋದನ್ನ ತೋರಿಸಿದ್ರು, ಲೈಬ್ರರಿಯ ಟೇಬಲ್ಲಿನ ಎರಡೂ ಕಡೆ ಇಬ್ಬರು ಹೈಸ್ಕೂಲ್ ಹುಡುಗೀರು ಟವೆಲ್ ಕೆಳಗೆ ಕೈ ಇಟ್ಕೊಂಡು ಜಗಳ ಆಡಿದ್ದೇ ಆಡಿದ್ದು, ಒಬ್ಳು ಐದು ಸಾವಿರ ಅಂತ ಹಿಡಿದ್ರೆ ಇನ್ನೊಬ್ಳಿಗೆ ಐವತ್ತು ಸಾವಿರ ಅಂತ ಅರ್ಥ ಆಗಿತ್ತು.

ಸಣ್ಣ ವಿಷಯ ತಗೊಂಡ್ರೆ ಕಡಿಮೆ ಆಗ್ಬಿಡತ್ತೇನೋ ಅಂತ ಹೆದರ್ಬೇಡಿ. ಗಂಟೆ ಅಂದ್ರೆ ಸಾಕು, ಯಾವ ಹಸುಗೆ ಕಟ್ತಾರೆ, ಯಾಕೆ ಕಟ್ತಾರೆ, ಎಲ್ಲಿ ಮಾಡಿಸ್ತಿದ್ರು, ಮಂಜಲ್ಲಿ ಸದ್ದು ಕೇಳಿ ಹಿಂಡು ಹುಡುಕೋದ್ ಹೆಂಗೆ, ಅಲ್ಲಿಂದ ಕಾಡಿಗೆ, ಕಾಡಿಂದ ಫಾರೆಸ್ಟ್‌ನೋರ ಹತ್ರ ತಿಂದ ಹೊಡೆತಕ್ಕೆ, ಎಲ್ಲ ಅದೇ ದಾರಿ.

ಜಾಗ, ದಿನ, ಹೊತ್ತು

ಪಂಚಾಯ್ತಿ ಲೈಬ್ರರಿಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದ್ವು, ಈಗ ಬೋರ್ಡಲ್ಲಿ "ಅರಿವು ಕೇಂದ್ರ" ಅಂತಿರತ್ತೆ. ಇಡೀ ರಾಜ್ಯದಲ್ಲಿ ಐದು ಸಾವಿರಕ್ಕಿಂತ ಹೆಚ್ಚಿದಾವೆ, ಅಂದ್ರೆ ನಿಮ್ಮ ಪಂಚಾಯ್ತಿಲೂ ಒಂದು ಇದ್ದೇ ಇರತ್ತೆ, ಬೀಗ ತೆಗೆದಿರತ್ತೋ ಇಲ್ವೋ ಅದು ಬೇರೆ ಮಾತು. ಮೊದ್ಲು ಮೇಲ್ವಿಚಾರಕರ ಹತ್ರ ಮಾತಾಡಿ, ಆಮೇಲೆ ಪಿಡಿಓ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ). ಉಲ್ಟಾ ಮಾಡ್ಬೇಡಿ. ಮೇಲ್ವಿಚಾರಕರಿಗೆ ಮನಸ್ಸಿದ್ರೆ ಪಿಡಿಓ ಒಪ್ಪಿಸೋದು ಸುಲಭ, ಮೇಲಿಂದ ಹೇಳಿಸಿದ್ರೆ ಬೀಗದ ಕೈ ಹುಡುಕೋದ್ರಲ್ಲೇ ನಿಮ್ಮ ಟೈಮ್ ಹೋಗತ್ತೆ. ಅರ್ಧ ಪುಟದ ಒಂದು ಅರ್ಜಿ ಸಾಕು, ದಿನಾಂಕ, ಹೊತ್ತು, ವಿಷಯ, ಎಷ್ಟು ಜನ, "ಪಂಚಾಯ್ತಿಯಿಂದ ಯಾವುದೇ ಖರ್ಚು ಇಲ್ಲ" ಅನ್ನೋ ಸಾಲು ಮಾತ್ರ ಮರೀಬೇಡಿ, ಆ ಒಂದು ಸಾಲಿಗೇ ಸಹಿ ಬೀಳೋದು.

ದಿನದ ವಿಷಯ ಸ್ವಲ್ಪ ಸೂಕ್ಷ್ಮ. ನಮ್ಮ ಕಡೆ ಸೋಮವಾರ ಬಸವಣ್ಣನ ದಿನ, ಎತ್ತು ಹೂಡಲ್ಲ, ಹಳೇ ರೈತರು ಅವತ್ತೇ ಬಿಡುವಾಗಿ ಸಿಗೋದು. ಆದ್ರೆ ಲೈಬ್ರರಿಗೂ ಸೋಮವಾರವೇ ರಜೆ! ನಾವು ಮೇಲ್ವಿಚಾರಕರಿಗೆ ಕೇಳ್ಕೊಂಡು ಸೋಮವಾರ ಬೀಗ ತೆಗೆಸ್ತೀವಿ, ಅದಾಗದಿದ್ರೆ ಅಮಾವಾಸ್ಯೆ ನೋಡ್ತೀವಿ, ಅವತ್ತೂ ಬೇಸಾಯ ಇರಲ್ಲ. ಮಕ್ಕಳೂ ಬರ್ಬೇಕು ಅಂದ್ರೆ ಭಾನುವಾರ. ಬಿತ್ತನೆ ಟೈಮಲ್ಲಿ, ಸುಗ್ಗಿ ಟೈಮಲ್ಲಿ ಸುಮ್ನಿರಿ. ಅಮೆರಿಕದ ನೆವಾಡಾದಲ್ಲಿ ಎಲ್ಕೋ ಅಂತ ಒಂದೂರು, ಅಲ್ಲಿ 1985ರಿಂದ ಕೌಬಾಯ್‌ಗಳು ತಾವೇ ಬರೆದ ಪದ್ಯ ಓದೋ ಸಭೆ ನಡೀತಾ ಇದೆ, ಅವರೂ ಅದನ್ನ ಇಟ್ಕೊಂಡಿರೋದು ಜನವರಿ ಚಳಿಲಿ, ರ್‍ಯಾಂಚ್ ಕೆಲಸ ಕಮ್ಮಿ ಇರೋ ಹೊತ್ತಲ್ಲಿ. ದನ ಸಾಕೋರ ಕ್ಯಾಲೆಂಡರ್ ಎಲ್ಲಾ ಕಡೆ ಒಂದೇ ಥರ ಅನ್ಸತ್ತೆ.

ಹೊತ್ತು ಡೇರಿ ನೋಡ್ಕೊಂಡು ಇಡಿ. ಬೆಳಿಗ್ಗೆ ಹಾಲು ಹಾಕಿ, ಕೊಟ್ಟಿಗೆ ಬಳಿದು, ತಿಂಡಿ ತಿಂದು ಬರೋ ಹೊತ್ತಿಗೆ ಹನ್ನೊಂದು. ನಾಲ್ಕೂವರೆ ಆದ್ಮೇಲೆ ಯಾರೂ ಕೂರಲ್ಲ, ಅರ್ಧ ಮಾತಲ್ಲಿ ಎದ್ದು ಹೋಗ್ತಾರೆ, ಅದು ಅಗೌರವ ಅಲ್ಲ, ಹಸು ಕಾಯ್ತಾ ಇರತ್ತೆ.

ಮಾತಾಡೋರನ್ನ ಹುಡುಕೋದು

ಇದರಲ್ಲೇ ಅರ್ಧ ಕೆಲಸ ಇರೋದು, ಇಲ್ಲಿ ಮಾತ್ರ ಅವಸರ ಮಾಡ್ಬೇಡಿ. ಊರಲ್ಲಿ ಕೇಳಿದ್ರೆ ಎಲ್ರೂ ನಿವೃತ್ತ ಮೇಷ್ಟ್ರ ಹೆಸರೇ ಹೇಳೋದು. ಮೇಷ್ಟ್ರು ಬೇಕು, ಆದ್ರೆ ಬರೆಯೋ ಹೊತ್ತಿಗೆ ಬೇಕು. ಮಾತಿಗೆ ಬೇಕಾಗಿರೋರು ಡೇರಿ ಕಟ್ಟೆ ಮೇಲೆ, ಪಶು ಆಸ್ಪತ್ರೆ ಹುಣಸೇಮರದ ಕೆಳಗೆ, ಸಂತೇಲಿ ಸಿಗ್ತಾರೆ. ದನ ಸಾಕಿದೋರು ಅಷ್ಟೇ ಅಲ್ಲ, ಹಗ್ಗ ಹೊಸೆಯೋರು, ಗಾಡಿ ಮಾಡೋ ಬಡಗಿ, ಲಾಳ ಕಟ್ಟೋರು, ದಲ್ಲಾಳಿ, ಹೋರಿ ಪಳಗಿಸೋರು. ನಮ್ಮ ಕಡೆ ಲಾಳ ಕಟ್ಟೋರು ಬಹುಪಾಲು ಮುಸ್ಲಿಂ ಮನೆಯವ್ರು, ಸುತ್ತ ಇಪ್ಪತ್ತು ಹಳ್ಳಿ ಎತ್ತುಗಳ ಕಾಲು ಅವರಿಗೆ ಗೊತ್ತು, ಯಾವ ಮನೆ ಎತ್ತು ಯಾವ ಕಾಲು ಎತ್ತಲ್ಲ ಅಂತ ಸಮೇತ. ಇವರನ್ನ ಬಿಟ್ಟು ಮಾಡೋ ಗೋಪಾಲನಾ ಕಾರ್ಯಕ್ರಮ ಅರ್ಧಂಬರ್ಧ.

ಅಮೃತಮಹಲ್ ವಿಷಯ ಇಟ್ಕೊಂಡ್ರೆ ಸರ್ಕಾರಿ ಹಿಂಡು ಕಾದವರ ಮನೆತನದೋರು ಸಿಗ್ತಾರಾ ನೋಡಿ, ಹಿಂಡಿನ ಜವಾಬ್ದಾರಿ ಇದ್ದೋರಿಗೆ ಸೇರ್ವೆಗಾರ ಅಂತಿದ್ರು. ಅಜ್ಜಂಪುರದಲ್ಲಿ 1929ರಿಂದ ತಳಿ ಕೇಂದ್ರ ಇದೆ, ಸುತ್ತಮುತ್ತ ಹಳ್ಳಿಲಿ ಅಲ್ಲಿ ಕೆಲಸ ಮಾಡಿ ರಿಟೈರ್ ಆದೋರು ಇದಾರೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಆದ್ರೆ ಮ್ಯಾಸಬೇಡ ಸಮುದಾಯದೋರ ದೇವರ ಎತ್ತುಗಳು, ಅವನ್ನ ನೋಡ್ಕೊಳೋ ಕಿಲಾರಿಗಳು. ಆ ಎತ್ತುಗಳನ್ನ ಹೂಡಲ್ಲ, ಮಾರಲ್ಲ, ಬರ ಬಂದಾಗ ಅವುಗಳ ಮೇವಿಗೆ ಏನು ಮಾಡಿದ್ರು ಅನ್ನೋದೇ ಒಂದು ಪೂರ್ತಿ ಮಾತುಕತೆ ಆಗತ್ತೆ.

ಹೆಂಗಸರ ವಿಷಯ. ಬನ್ನಿ ಅಂದ್ರೆ ಬರಲ್ಲ, ಬಂದ್ರೂ ಗಂಡಸರ ಮುಂದೆ ಮಾತಾಡಲ್ಲ. ಆದ್ರೆ ಕರು ಹಾಕೋದು, ಗಿಣ್ಣು ಹಾಲು, ಹೆಪ್ಪು, ಬೆಣ್ಣೆ, ಹಸುಗೆ ಮದ್ದು, ಇದೆಲ್ಲ ಅವರ ಹತ್ರನೇ ಇರೋದು, ಪದಗಳಂತೂ ಕೇಳೋದೇ ಬೇಡ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಓದು ಬರಹ ಇರ್ಲಿಲ್ಲ, ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಡ್ತು, ಅಷ್ಟು ಹಾಡು ತಲೇಲಿ ಇಟ್ಕೊಂಡಿದ್ರು. ಅಂಥೋರನ್ನ ಲೈಬ್ರರಿಗೆ ಕರೆಯೋ ಬದ್ಲು ಲೈಬ್ರರಿನೇ ಅವರ ಜಗಲಿಗೆ ಹೋಗ್ಬೇಕು. ನಾವು ಬೆಣ್ಣೆ ಮಾತುಕತೆ ಮಾಡಿದ್ದು ಹಾಗೇ, ಒಂದು ಮನೆ ಪಡಸಾಲೇಲಿ, ಹೆಂಗಸರೇ ಹದಿನಾಲ್ಕು ಜನ, ನಾನು ಹೊಸ್ತಿಲಾಚೆ ಕೂತು ಫೋನ್ ಮಾತ್ರ ಒಳಗೆ ಕಳಿಸಿದ್ದೆ. ಹಟ್ಟಿಗಳಿಗೆ ಅದರದ್ದೇ ರೀತಿ ರಿವಾಜು ಇರತ್ತೆ, ಯಾವ ಕಡೆಯಿಂದ ಬರ್ಬೇಕು, ಚಪ್ಪಲಿ ಎಲ್ಲಿ ಬಿಡ್ಬೇಕು, ಮೊದ್ಲೇ ಕೇಳ್ಕೊಂಡು ಹೋಗಿ.

ಮುಂಚೆ ಒಂದ್ಸಲ ಮನೆಗೆ ಹೋಗಿ ಬನ್ನಿ

ಕಾರ್ಯಕ್ರಮಕ್ಕೆ ಒಂದು ವಾರ ಇರೋವಾಗ ಹೋಗಿ, ಟೀ ಕುಡೀರಿ, ಪ್ರಶ್ನೆ ಕೇಳ್ಬೇಡಿ. ಮನೇಲಿ ಏನೇನು ಸಾಮಾನು ಇದೆ ನೋಡಿ. ಅಟ್ಟದ ಮೇಲೆ ಗಗ್ಗರ, ಕೊಂಬಿಗೆ ಹಾಕೋ ಹಿತ್ತಾಳೆ ಕೊಡೆಣಸು, ಹಳೇ ಮೂಗುದಾರ, ಕರುಗೆ ಔಷಧ ಕುಡಿಸೋ ಬಿದಿರಿನ ಗೊಟ್ಟ ಇರತ್ತೆ. "ಅಜ್ಜ ಇದನ್ನ ಸೋಮವಾರ ತರ್ತೀರಾ" ಅಂತ ಕೇಳಿ, ಅಷ್ಟೇ. ಅವತ್ತೇ ಎಲ್ಲ ಮಾತಾಡಿಸಿಬಿಟ್ರೆ ಕಾರ್ಯಕ್ರಮದ ದಿನ "ಅವತ್ತೇ ಹೇಳಿದ್ನಲ್ಲಪ್ಪ" ಅಂತಾರೆ, ನಂಗೆ ಎರಡು ಸಲ ಆಗಿದೆ.

ನಿಮ್ಮ ಕಡೆ ತಯಾರಿ ಇದೇ ವಾರದಲ್ಲಿ. ಎರಡು ಮೂರು ಹುಡುಗರಿಗೆ ಪುಸ್ತಕದ ಕಡೆ ವಿಷಯ ಹುಡುಕೋಕೆ ಹಚ್ಚಿ, ಲೈಬ್ರರಿ ಅಂದ್ಮೇಲೆ ಅದೂ ಬೇಕಲ್ವಾ. ಅಮೃತಮಹಲ್‌ಗೆ ನಮ್ಮ ಹುಡುಗರು ಗೋಡೆ ಮೇಲೆ ಬರೆದು ಹಾಕಿದ್ದು ಇಷ್ಟು: ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಇದರ ಹೆಸರು ಬೆಣ್ಣೆ ಚಾವಡಿ, ಅರಮನೆಗೆ ಹಾಲು ಬೆಣ್ಣೆಗೆ ಇಟ್ಟ ಹಿಂಡು. ಹೈದರಾಲಿ ಅದರ ಹೋರಿಗಳನ್ನ ಫಿರಂಗಿ ಎಳೆಯೋಕೆ, ಸೈನ್ಯದ ಸಾಮಾನು ಹೊರೋಕೆ ಬಳಸಿದ, ಟಿಪ್ಪು ಅಮೃತ್ ಮಹಲ್ ಅಂತ ಹೆಸರಿಟ್ಟ. 1799ರ ನಂತರ ಬ್ರಿಟಿಷರ ಕೈಗೆ ಹೋಯ್ತು, 1860ರಲ್ಲಿ ಹಿಂಡೇ ಬೇಡ ಅಂತ ಮಾರಿದ್ರು, ಆಮೇಲೆ ಸೈನ್ಯಕ್ಕೆ ಒಳ್ಳೇ ಎತ್ತು ಸಿಗ್ದೆ 1866ರಲ್ಲಿ ಮತ್ತೆ ಶುರು ಮಾಡಿದ್ರು. ಹೈದರನ ಸೈನ್ಯ ಈ ಎತ್ತುಗಳಿಂದಲೇ ಚಿದಂಬರಂ ಕಡೆ ಎರಡೂವರೆ ದಿನದಲ್ಲಿ 100 ಮೈಲಿ ನಡೀತು ಅಂತ ಹಳೇ ಮೈಸೂರು ಗೆಜೆಟಿಯರ್‌ನಲ್ಲಿದೆ.

ಇದನ್ನ ಒಬ್ಬ ಹುಡುಗ ಓದಿ ಹೇಳಿದಾಗ ಅಜ್ಜ ನಕ್ಬಿಟ್ರು. "ನಡ್ದಿರ್ತವೆ, ನಡೀದೇ ಏನು. ಆದ್ರೆ ಅವನ್ನ ಮೊದ್ಲು ಹಿಡ್ದು ಮೂಗು ಚುಚ್ಚಿದೋನ್ ಹೆಸ್ರು ಬರ್ದವ್ರಾ ಅದ್ರಾಗೆ?" ಅಂತ ಕೇಳಿದ್ರು. ಬರೆದಿಲ್ಲ. ಅಲ್ಲಿಂದ ಕಾವಲಲ್ಲಿ ಬೆಳೆದ ಹೋರಿ ಮನುಷ್ಯರನ್ನೇ ನೋಡಿರಲ್ಲ, ಅದನ್ನ ದೊಡ್ಡಿಗೆ ಹೊಡ್ಕೊಂಡು ಬಂದು ಕುಣಿಕೆ ಎಸೆದು ಕೆಡವೋದು ಹೆಂಗೆ, ಹಳೇ ಎತ್ತಿನ ಜೊತೆ ಜೋಡಿ ಕಟ್ಟಿ ಬಿಡೋದು ಹೆಂಗೆ ಅಂತ ಮುಕ್ಕಾಲು ಗಂಟೆ ಹೋಯ್ತು. ಪುಸ್ತಕದ ಸಾಲು ಇಲ್ಲದಿದ್ರೆ ಆ ಮಾತು ಬರ್ತಿರ್ಲಿಲ್ಲ, ಅಜ್ಜ ಇಲ್ಲದಿದ್ರೆ ಆ ಸಾಲು ಸುಮ್ನೆ ಗೋಡೆ ಮೇಲೆ ಇರ್ತಿತ್ತು.

ಇನ್ನೊಂದು ಹುಡುಕೋ ಜಾಗ ಪಹಣಿ ಮತ್ತು ಗ್ರಾಮದ ನಕ್ಷೆ. ನಿಮ್ಮೂರ ಗೋಮಾಳ, ಅಮೃತಮಹಲ್ ಕಾವಲು ಯಾವ ಸರ್ವೆ ನಂಬರಲ್ಲಿದೆ ನೋಡಿ ನಕ್ಷೆ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಟೇಬಲ್ ಮೇಲೆ ಹಾಸಿ. ಕಾವಲುಗಳನ್ನ ಬೇಸಿಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಅಂತ ಬೇರೆ ಬೇರೆ ಇಟ್ಟಿದ್ರು, ಬೇಸಿಗೆದು ನೀರು ನೆರಳಿರೋ ಕೆರೆ ಅಂಗಳದ ಕಡೆ. ಹಳಬರು ನಕ್ಷೆ ಮೇಲೆ ಬೆರಳಿಟ್ಟು ಹಿಂಡು ಹೋಗ್ತಿದ್ದ ದಾರಿ ತೋರಿಸ್ತಾರೆ, ಸ್ಕೆಚ್ ಪೆನ್ನಲ್ಲಿ ಗೆರೆ ಎಳೀರಿ. ನಮ್ಮ ನಕ್ಷೇಲಿ ಒಂದು ಗೆರೆ ಈಗಿನ ಪೆಟ್ರೋಲ್ ಬಂಕ್ ಮಧ್ಯದಲ್ಲೇ ಹಾದುಹೋಗಿದೆ.

ಕೂರೋದು, ಕೇಳೋದು

ವೇದಿಕೆ ಬೇಡ, ಬ್ಯಾನರ್ ಬೇಡ, ಮೈಕಂತೂ ಬೇಡವೇ ಬೇಡ, ಮೂವತ್ತು ಜನಕ್ಕೆ ಯಾಕೆ ಮೈಕು. ಓದೋ ಟೇಬಲ್ ನಡುವೆ ಎಳ್ಕೊಳಿ, ಸಾಮಾನೆಲ್ಲ ಅದರ ಮೇಲೆ, ಸುತ್ತ ಚಾಪೆ ಕುರ್ಚಿ. ಸ್ವಾಗತ ಒಂದು ನಿಮಿಷ. ಅಧ್ಯಕ್ಷರು ಬಂದ್ರೆ ಅವರಿಗೂ ಟೇಬಲ್ ಮೇಲಿರೋ ಒಂದು ಸಾಮಾನು ಕೈಗೆ ಕೊಟ್ಟು ಇದೇನು ಹೇಳಿ ಅಂತ ಕೇಳಿ, ಭಾಷಣ ತಾನಾಗೇ ನಿಲ್ಲತ್ತೆ, ಅವರೂ ಮನೇಲಿ ದನ ಕಟ್ಟಿದೋರೇ ಅಲ್ವಾ.

"ಆ ಕಾಲ ಹೇಗಿತ್ತು" ಅಂತ ಕೇಳಿದ್ರೆ "ಚೆನ್ನಾಗಿತ್ತಪ್ಪ, ಈಗೆಲ್ಲಿ" ಅನ್ನೋ ಉತ್ತರವೇ ಬರೋದು. ಸಣ್ಣ ಪ್ರಶ್ನೆ ಕೇಳಿ: ಬೆಳಿಗ್ಗೆ ಹಿಂಡು ಬಿಟ್ಟಾಗ ಮುಂದೆ ಹೋಗೋದು ಯಾವುದು, ಬುತ್ತಿ ಏನು ಕಟ್ತಿದ್ರು, ಮಳೇಲಿ ಕಂಬಳಿ ಗೊಪ್ಪೆ ಹಾಕೋದು ತೋರಿಸಿ, ಕಳೆದೋದ ದನ ಹುಡುಕಿದ್ದು ಎಷ್ಟು ದಿನ. ಉತ್ತರ ನಿಂತ್ರೆ ತಕ್ಷಣ ಇನ್ನೊಂದು ಪ್ರಶ್ನೆ ಎಸೀಬೇಡಿ, ಹತ್ತು ಎಣಿಸಿ. ಎಷ್ಟೋ ಸಲ ಒಳ್ಳೇ ಮಾತು ಆ ಹತ್ತರೊಳಗೇ ಬಂದಿದೆ.

ಜಗಳದ ವಿಷಯ ಬಂದೇ ಬರತ್ತೆ, ತಯಾರಿರಿ. ಕಾವಲು ಅಂದ ತಕ್ಷಣ ಯಾರು ಒತ್ತುವರಿ ಮಾಡಿದ್ರು, ಯಾರಿಗೆ ಬಗರ್‌ಹುಕುಂ ಆಯ್ತು ಅಂತ ಶುರು. ಚಳ್ಳಕೆರೆ ಖುದಾಪುರದ ಕಡೆ ಸುಮಾರು 10,000 ಎಕರೆ ಕಾವಲು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೆ ಹೋಗಿದ್ದು ಹಸಿರು ನ್ಯಾಯಮಂಡಳಿವರೆಗೂ ಹೋದ ವಿಷಯ, ಅದನ್ನ ಮಾತಾಡೋದೇ ಬೇಡ ಅಂತ ಬಾಯಿ ಮುಚ್ಚಿಸಿದ್ರೆ ದನ ಕಾಯೋರ ಮಾತುಕತೆಗೆ ಅರ್ಥನೇ ಇಲ್ಲ. ನಾವು ಮಾಡೋದು ಏನಂದ್ರೆ, ಕಾವಲಲ್ಲಿ ದನ ಬಿಡೋದು ಯಾವತ್ತು ನಿಂತೋಯ್ತು, ಆಮೇಲೆ ನೀವು ದನ ಏನು ಮಾಡಿದ್ರಿ, ಅಂತ ಅವರದ್ದೇ ಕಥೆ ಕಡೆಗೆ ತಿರುಗಿಸೋದು. ಊರಲ್ಲೇ ಇರೋ ಒಬ್ಬರ ಹೆಸರು ಹಿಡಿದು ಬೈಯಕ್ಕೆ ಶುರು ಮಾಡಿದ್ರೆ ರೆಕಾರ್ಡಿಂಗ್ ನಿಲ್ಲಿಸಿ, ಟೀ ತರಿಸಿ.

ಒಂದು ಸಲ ಲೈಬ್ರರಿ ಬಿಟ್ಟು ಹೊರಗೆ ಹೋಗಿ

ವೀರಗಲ್ಲು ಇಲ್ಲದ ಊರು ನಮ್ಮ ಕಡೆ ಕಮ್ಮಿ. ಕೆರೆ ಏರಿ ಮೇಲೋ, ಈಶ್ವರನ ಗುಡಿ ಹಿಂದೋ, ಬೇಲೀಲೋ ಇರತ್ತೆ. ಕೆಳಗಿಂದ ಮೇಲಕ್ಕೆ ಓದ್ಬೇಕು: ಕೆಳಗಿನ ಪಟ್ಟೀಲಿ ಹೊಡೆದಾಟ, ನಡುವೆ ಅಪ್ಸರೆಯರು ಸತ್ತ ವೀರನನ್ನ ಕರ್ಕೊಂಡು ಹೋಗ್ತಿರೋದು, ಮೇಲೆ ಲಿಂಗದ ಮುಂದೆ ಕೂತಿರೋದು, ಸೂರ್ಯ ಚಂದ್ರ. ಕೆಳಗಿನ ಪಟ್ಟೀಲಿ ಮೂಲೆಗೆ ನೋಡಿ, ಸಾಲಾಗಿ ದನ ಕೆತ್ತಿದ್ರೆ ಅದು ತುರುಗೊಳ್, ಅಂದ್ರೆ ದನ ಹೊಡ್ಕೊಂಡು ಹೋಗಕ್ಕೆ ಬಂದೋರ ಜೊತೆ ಕಾದಾಡಿ ಸತ್ತೋನ ಕಲ್ಲು. ತುರು ಅಂದ್ರೆ ದನ, ತುರುವೇಕೆರೆ, ತುರುವನೂರು ಅನ್ನೋ ಹೆಸರಲ್ಲೂ ಅದೇ ತುರು ಅಂತ ಹೇಳಿದ್ರೆ ಮಕ್ಕಳ ಮುಖ ನೋಡ್ಬೇಕು ನೀವು.

ಸುಣ್ಣ, ಚಾಕ್‌ಪೀಸ್, ಎಣ್ಣೆ ಏನೂ ಬಳೀಬೇಡಿ. ಬೆಳಿಗ್ಗೆ ಎಳೆ ಬಿಸಿಲು ಪಕ್ಕದಿಂದ ಬೀಳೋವಾಗ ಫೋಟೋ ತೆಗೀರಿ, ಇಲ್ಲ ಕತ್ತಲಾದ್ಮೇಲೆ ಟಾರ್ಚನ್ನ ಕಲ್ಲಿಗೆ ಅಂಟಿಸಿದ ಹಾಗೆ ಪಕ್ಕದಲ್ಲಿ ಹಿಡೀರಿ, ಹಗಲಲ್ಲಿ ಕಾಣದ ಕೊಂಬು ಬಾಲ ಎಲ್ಲ ಎದ್ದು ಬರತ್ತೆ. ಅಕ್ಷರ ಇದ್ರೆ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ನಿಮ್ಮೂರ ಹೆಸರು ಹುಡುಕಿ, ಹಳೇ ಮುದ್ರಣದಲ್ಲಿ ಕಡೂರು ಜಿಲ್ಲೆ 6ನೇ ಸಂಪುಟ, ಚಿತ್ರದುರ್ಗ 11, ತುಮಕೂರು 12, ಹಾಸನ 5. ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಫ್ರೀಯಾಗಿ ಸಿಗತ್ತೆ, ಲೈಬ್ರರಿ ಕಂಪ್ಯೂಟರಲ್ಲಿ ಡೌನ್‌ಲೋಡ್ ಮಾಡಿಟ್ಟುಬಿಡಿ, ನೆಟ್ ಯಾವತ್ತು ಇರತ್ತೆ ಯಾವತ್ತು ಇರಲ್ಲ ಹೇಳಕ್ಕಾಗಲ್ಲ.

ರೆಕಾರ್ಡ್ ಮತ್ತು ಬರವಣಿಗೆ

ಎರಡು ಫೋನು, ಒಂದು ಟೇಬಲ್ ಮೇಲೆ, ಒಂದು ಮಾತಾಡೋರ ಪಕ್ಕ, ಎರಡೂ ಏರೋಪ್ಲೇನ್ ಮೋಡಲ್ಲಿ. ಫ್ಯಾನ್ ಆಫ್ ಮಾಡಿ, ರೆಕಾರ್ಡಿಂಗಲ್ಲಿ ಫ್ಯಾನೇ ಮಾತಾಡ್ತಿರತ್ತೆ. ಶುರುವಲ್ಲೇ ದಿನಾಂಕ, ಊರು, ಯಾರು ಅಂತ ಬಾಯಲ್ಲಿ ಹೇಳಿ. ರೆಕಾರ್ಡ್ ಮಾಡ್ಲಾ ಅಂತ ಮೊದ್ಲು ಕೇಳಿ, ಆದ್ಮೇಲೆ ಇದನ್ನ ಬರೆದು ಎಲ್ರಿಗೂ ಓದಕ್ಕೆ ಇಡ್ಲಾ ಅಂತ ಇನ್ನೊಂದ್ಸಲ ಕೇಳಿ, ಎರಡೂ ಬೇರೆ ಬೇರೆ ಒಪ್ಪಿಗೆ. ಗಣೆ (ಉದ್ದನೆ ಬಿದಿರು ಕೊಳಲು) ಊದಿ ಗೊಲ್ಲರ ದೈವ ಜುಂಜಪ್ಪನ ಪದ ಹೇಳೋರು ಕೆಲವರು ದೇವರ ಕೆಲಸ ಬಿಟ್ಟು ಹೊರಗೆ ಹಾಡಲ್ಲ, ಬೇಡ ಅಂದ್ರೆ ಬೇಡ, ಬಲವಂತ ಮಾಡ್ಬೇಡಿ.

ಬರೆಯೋದು ಅದೇ ವಾರ ಆಗ್ಬೇಕು. ಹುಡುಗರಿಗೆ ಹತ್ತತ್ತು ನಿಮಿಷ ಹಂಚಿಬಿಡಿ. ವಾಯ್ಸ್ ಟೈಪಿಂಗ್ ನಮ್ಮ ಕಡೆ ಮಾತಿಗೆ ಬಗ್ಗಲ್ಲ, "ಹೊಡ್ಕಂಡು ಬತ್ತಿದ್ವಿ" ಅಂದ್ರೆ ಏನೇನೋ ಬರೀತದೆ, ಕೈಲಿ ಬರೆಯೋದೇ ಬೇಗ ಆಗತ್ತೆ. ಮತ್ತೆ ದಯವಿಟ್ಟು ಮಾತನ್ನ ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಎಂಟನೇ ಕ್ಲಾಸಿನ ಹುಡುಗ ಒಬ್ಬ ನೀಟಾಗಿ "ದನಗಳು ಕಾವಲಿನಲ್ಲಿ ಹುಲ್ಲನ್ನು ತಿನ್ನುತ್ತಿದ್ದವು" ಅಂತ ಬರ್ಕೊಂಡು ಬಂದು ಓದಿದ. ಅಜ್ಜ ಅರ್ಧಕ್ಕೇ ತಡೆದ್ರು, "ತಿನ್ನಾಕೆ ಅದೇನ್ ಮಂಡಕ್ಕಿನೇನ್ಲಾ, ಮೇಯ್ತವೆ ಅನ್ನು." ಆಮೇಲೆ ನಾವೊಂದು ನೋಟ್‌ಬುಕ್ಕೇ ಶುರು ಮಾಡಿದ್ವಿ, ಬರೀ ದನದ ಮಾತಿಗೆ. ಹಸು ಹುಟ್ಟಿಸಲ್ಲ, ಈಯತ್ತೆ. ಹಾಲು ನಿಲ್ಲಲ್ಲ, ಬತ್ತತ್ತೆ. ಕರು ಬಾಯಿ ಹಾಕಿದ್ರೆ ಸೊರೆ ಬಿಡತ್ತೆ. ಬೆದೆಗೆ ಬರತ್ತೆ, ಗಬ್ಬ ಕಟ್ಟತ್ತೆ, ಕೋಪ ಬಂದ್ರೆ ಹಾಯತ್ತೆ. ಇನ್ನೂರು ಪದ ದಾಟಿದೆ ಈಗ, ಅದರಲ್ಲಿ ನನಗೇ ಗೊತ್ತಿಲ್ಲದ್ದು ಅರ್ಧ, ನಾನೂ ಕೊಟ್ಟಿಗೆ ಇರೋ ಮನೇಲೇ ಬೆಳೆದೋನು!

ಬರೆದದ್ದನ್ನ ಹೇಳಿದೋರಿಗೆ ಓದಿ ಕೇಳಿಸಿ. ಇದನ್ನ ಬಿಡ್ಲೇಬಾರ್ದು. ತಪ್ಪು ತಿದ್ತಾರೆ, ಬೇಡದ್ದು ತೆಗೆಸ್ತಾರೆ, ಮರ್ತಿದ್ದು ನೆನಪಾಗಿ ಇನ್ನೆರಡು ಪುಟ ಸೇರತ್ತೆ. ಈ ಕೂತು ಓದೋ ಕೆಲಸಕ್ಕೆ ಮೇಷ್ಟ್ರು ಬೇಕು ಅಂದಿದ್ದು ನಾನು, ಅವರು ಕಾಗುಣಿತ ನೋಡ್ಲಿ, ಮಾತು ಮುಟ್ಟದೆ ಇರ್ಲಿ. ನಮ್ಮ ಮೇಷ್ಟ್ರಿಗೆ "ಐತೆ" ಕಂಡ್ರೆ ಕೆಂಪು ಪೆನ್ನು ತಾನಾಗೇ ಹೋಗತ್ತೆ, ಅದಕ್ಕೇ ಅವರಿಗೆ ಪೆನ್ಸಿಲ್ ಮಾತ್ರ ಕೊಡ್ತೀವಿ.

ಆಮೇಲೆ ಎರಡು ಕಾಪಿ. ಒಂದು ಗೋಡೆ ಪತ್ರಿಕೆ, ಲೈಬ್ರರಿ ಬಾಗಿಲ ಪಕ್ಕ, ಒಂದು ತಿಂಗಳು. ಇನ್ನೊಂದು ಎ4 ಹಾಳೇಲಿ ಹೊಲಿದು ರಟ್ಟು ಹಾಕಿ ಮೇಲ್ವಿಚಾರಕರ ಕೈಲಿ ರಿಜಿಸ್ಟರಿಗೆ ಏರಿಸಿ, ಬೇರೆ ಪುಸ್ತಕಕ್ಕೆ ಹೆಂಗೆ ನಂಬರ್ ಕೊಡ್ತಾರೋ ಹಂಗೇ ನಂಬರ್ ಹಾಕಿಸಿ. ಲೇಖಕರು ಅನ್ನೋ ಜಾಗದಲ್ಲಿ ಮಾತಾಡಿದೋರ ಹೆಸರೇ ಬರ್ಬೇಕು, ಬರೆದ ಹುಡುಗರ ಹೆಸರು ಒಳಗೆ. ಆಡಿಯೋ ಪೆನ್‌ಡ್ರೈವಲ್ಲಿ ಒಂದು, ನಿಮ್ಮ ಹತ್ರ ಒಂದು, ಮಾತಾಡಿದೋರ ಮನೆ ಮಕ್ಕಳ ಫೋನಿಗೆ ಒಂದು.

ಖರ್ಚು

ಟೀ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಾರ್ಟ್ ಪೇಪರ್, ನಕ್ಷೆ ಪ್ರಿಂಟು, ಎಲ್ಲ ಸೇರಿ ನಮಗೆ ಸಾವಿರದೊಳಗೇ ಮುಗಿಯತ್ತೆ, ನಾಲ್ಕು ಜನ ಹಾಕ್ಕೊತೀವಿ. ಶಾಲು ಹಾರ ಬಿಟ್ಟಿದೀವಿ. ಮಾತಾಡಕ್ಕೆ ಬಂದೋರಿಗೆ ಆ ದಿನದ ಕೂಲಿ ಅಥವಾ ಬಸ್‌ಚಾರ್ಜ್ ಕವರಲ್ಲಿ ಕೊಡ್ತೀವಿ, ಒಂದು ಒಳ್ಳೇ ಟವೆಲ್. ದುಡ್ಡು ಬೇಡ ಅಂದೋರು ಇದಾರೆ, ಟವೆಲ್ ಬೇಡ ಅಂದೋರು ಇನ್ನೂ ಸಿಕ್ಕಿಲ್ಲ.

ಮುಗಿಯೋ ಮುಂಚೆ, ಜನ ಇನ್ನೂ ಕೂತಿರೋವಾಗಲೇ, ಮುಂದಿನ ಸಲ ಏನು, ಯಾರು ಅಂತ ಅಲ್ಲೇ ಕೇಳಿ ಬರ್ಕೊಳಿ, ಎದ್ದ ಮೇಲೆ ಯಾರೂ ಸಿಗಲ್ಲ. ನಮ್ಮಲ್ಲಿ ಮುಂದಿನ ತಿಂಗಳು ಲಾಳ. ಬರ್ತೀನಿ ಅಂದಿರೋ ಸಾಹೇಬ್ರು ಒಂದೇ ಕಂಡೀಶನ್ ಹಾಕಿದಾರೆ, ಬಾಯಲ್ಲಿ ಹೇಳಕ್ಕಾಗಲ್ಲ, ಲೈಬ್ರರಿ ಮುಂದೆ ಎತ್ತು ಕೆಡವೇ ತೋರಿಸ್ಬೇಕಂತೆ. ಎತ್ತು ಸಿಕ್ಕಿದೆ. ಪಿಡಿಓ ಹತ್ರ ಇನ್ನೂ ಕೇಳಿಲ್ಲ.